ಬಹುಮಾನಕ್ಕೆಂದು ‘ತೆರಿಗೆ’ ಕಟ್ಟಿದ ಹಣ ವಾಪಸ್ ಪಡೆಯೋದು

‘ನಿಮಗೆ ಬಹುಮಾನ ಬಂದಿದೆ’ ಎಂದು ನಂಬಿಸಿ, ಅದಕ್ಕೆ ತೆರಿಗೆ ಕಟ್ಟಿದ ಮೇಲೂ ‘ಇನ್ನೊಂದು ಶುಲ್ಕ ಬಾಕಿ ಇದೆ’ ಅಂತಿದ್ದಾರಾ? ಇದು ಮುಂಗಡ ಶುಲ್ಕದ ಮೋಸ. ಬಹುಮಾನವೇ ಇಲ್ಲ, ಹಾಗಾಗಿ ಶುಲ್ಕ ಮುಗಿಯೋದೂ ಇಲ್ಲ. ಇನ್ನು ಬಿಡಿಗಾಸೂ ಕಳಿಸಬೇಡಿ.

ಮೊದಲು ಬ್ಯಾಂಕಿಗೆ ಫೋನ್ ಮಾಡಿ, ಈಗಲೇ. ನಾಚಿಕೆಪಟ್ಟು ತಡ ಮಾಡಬೇಡಿ. ನಂಬರನ್ನು ಕಾರ್ಡಿನ ಹಿಂಬದಿಯಲ್ಲಿ ನೋಡಿಕೊಳ್ಳಿ. ಗೂಗಲ್‌ನಲ್ಲಿ ಹುಡುಕಿದರೆ ನಕಲಿ ನಂಬರ್ ಸಿಗಬಹುದು. ಕಾರ್ಡಿನಲ್ಲಿ ಕಟ್ಟಿದ್ದರೆ ‘ಚಾರ್ಜ್‌ಬ್ಯಾಕ್ ಬೇಕು’ ಎಂದೇ ಹೇಳಿ; ಅಂದರೆ ಕಾರ್ಡಿನಲ್ಲಿ ಕಟ್ಟಿದ ಹಣವನ್ನು ಬ್ಯಾಂಕ್ ಮೂಲಕ ವಾಪಸ್ ಕೇಳೋದು. ಖಾತೆಯಿಂದ ಕಳಿಸಿದ್ದರೆ, ಹಣ ಹೋದ ಖಾತೆಯನ್ನು ತಡೆಹಿಡಿಸಲು ಕೇಳಿ. ಮೋಸಗಾರರು ಹಣವನ್ನು ಬೇರೆ ಕಡೆ ದಾಟಿಸುವ ಮುಂಚೆ ತಡೆಹಿಡಿದರೆ ಅದು ವಾಪಸ್ ಬರುವ ಸಾಧ್ಯತೆ ಜಾಸ್ತಿ. ಬಂದೇ ಬರುತ್ತದೆ ಎನ್ನಲಾರೆ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಆಮೇಲೆ ಸೈಬರ್ ಪೊಲೀಸರಿಗೆ ದೂರು ಕೊಡಿ. ಸಿಟ್ಟಿನಲ್ಲಿ ಚಾಟ್ ಅಳಿಸಬೇಡಿ. ಮೋಸಗಾರರ ನಂಬರ್, ಹಣ ಹೋದ ಖಾತೆ, ವಹಿವಾಟಿನ ಸಂಖ್ಯೆ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ನಂತರ ಬ್ಲಾಕ್ ಮಾಡಿ.

ಅವರು ಹೇಳಿದ ಆ್ಯಪ್ ಹಾಕಿಕೊಂಡಿದ್ದೀರಾ? ಹಾಗಿದ್ದರೆ ಇಂಟರ್ನೆಟ್ ಆಫ್ ಮಾಡಿ, ಆ್ಯಪ್ ತೆಗೆದುಹಾಕಿ, ಬೇರೆ ಫೋನಿನಿಂದ ಪಾಸ್‌ವರ್ಡ್ ಬದಲಿಸಿ.

ಮುಂದೆ ‘ಕಳೆದ ಹಣ ಕೊಡಿಸ್ತೀವಿ, ಸ್ವಲ್ಪ ಫೀಸ್ ಕಟ್ಟಿ’ ಎಂದು ಯಾರಾದರೂ ಕರೆ ಮಾಡಬಹುದು. ಅದೂ ಮೋಸವೇ. ಮಾತು ಬೆಳೆಸದೆ ಫೋನ್ ಇಟ್ಟುಬಿಡಿ.