ಮಗನ ಶಾಲೆಯ ಬಗ್ಗೆ ಕೇಳಿದ ತಂಗಿಗೆ

ತಂಗಿ, ಗದಗಿನಿಂದ ಬರ್ಮಿಂಗ್‌ಹ್ಯಾಮ್‌ಗೆ ಹೊರಟಿರುವ ನೀನು ಮನೆ ಬಾಡಿಗೆ, ಚಳಿ, ಜೋಳದ ಹಿಟ್ಟು ಎಲ್ಲವನ್ನೂ ಕೇಳಿ ಕೊನೆಯ ಸಾಲಿನಲ್ಲಿ ಮಗನ ಮಾತು ಎತ್ತಿದ್ದೀಯ: ಎರಡೂ ಕಿವಿಗೆ ಶ್ರವಣ ಸಾಧನ ಹಾಕುವ ಎಂಟು ವರ್ಷದ ಹುಡುಗನಿಗೆ ಅಲ್ಲಿಯ ಶಿಕ್ಷಕರು ಸಾಮಾನ್ಯ ತರಗತಿಯಲ್ಲಿ ಮನಸ್ಸಿಟ್ಟು ಕಲಿಸುತ್ತಾರೆಯೇ? ಹಿಟ್ಟು ಇಲ್ಲಿ ಸಿಗುತ್ತದೆ. ಮಗನ ವಿಷಯ ಬರೆಯುತ್ತೇನೆ.

ಧಾರವಾಡದ ಶಾಲೆಯೊಂದರಲ್ಲಿ ನಾನು ಆರು ವರ್ಷ ಕಲಿಸಿದೆ. ಐವತ್ತೆರಡು ಮಕ್ಕಳ ತರಗತಿಗೆ ಕಿವಿ ಮಂದವಾದ ಹುಡುಗಿಯೊಬ್ಬಳು ಬಂದಾಗ ನನಗೆ ಭಯವಾಯಿತು. ವಿಶೇಷ ಶಾಲೆಗೆ ಕಳಿಸಬಾರದೇ ಎಂದು ಅವಳ ತಾಯಿಗೆ ನಾನೇ ಹೇಳಿದೆ. ಆ ಮಾತು ಇಂದಿಗೂ ನನ್ನನ್ನು ಕೊರೆಯುತ್ತದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪ್ರಕಾರ ಹತ್ತಿರದ ಶಾಲೆಯಲ್ಲಿ ಕಲಿಯುವುದು ಅವಳ ಹಕ್ಕಾಗಿತ್ತು. ಆದರೆ ನಾನು ಬೋರ್ಡಿನ ಕಡೆ ತಿರುಗಿ ಮಾತಾಡಿದರೆ ಅವಳಿಗೆ ನನ್ನ ತುಟಿ ಕಾಣುವುದಿಲ್ಲ ಎಂಬಷ್ಟನ್ನೂ ನನಗೆ ಯಾರೂ ತಿಳಿಸಿರಲಿಲ್ಲ. ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ ಸಂಗೀತ ಕಲಿಸಿದ ಊರಿನವಳು ನೀನು; ಕಲಿಸುವವರಿಗೆ ದಾರಿ ಗೊತ್ತಿದ್ದರೆ ಮಕ್ಕಳು ಎಲ್ಲಿಯವರೆಗೆ ಹೋಗುತ್ತಾರೆಂದು ನಿನಗೆ ಹೇಳಬೇಕಿಲ್ಲ.

ಇಲ್ಲಿ ಇಂಗ್ಲೆಂಡಿನ ಶಿಕ್ಷಕರಿಗೂ ಅದೇ ಭಯ. 'ಸೇರಿಸಿಕೊಳ್ಳಬೇಕು ನಿಜ, ಸಮಯ ಎಲ್ಲಿದೆ' ಎಂಬ ಮಾತು ಇಲ್ಲಿಯೂ ಕಿವಿಗೆ ಬೀಳುತ್ತದೆ. ಆದರೆ ಅವರ ಬೆನ್ನಿಗೆ ಜನರಿದ್ದಾರೆ. ಪ್ರತಿ ಸಾಮಾನ್ಯ ಶಾಲೆಯಲ್ಲೂ 'ಸೆಂಕೋ' ಎಂಬ ಶಿಕ್ಷಕರೊಬ್ಬರು ಇಂಥ ಮಕ್ಕಳ ಹೊಣೆ ಹೊತ್ತಿರುತ್ತಾರೆ. ಶ್ರವಣದೋಷದ ಮಕ್ಕಳಿಗೆ ಕಲಿಸಲು ತರಬೇತಿ ಪಡೆದ ಶಿಕ್ಷಕರು ಶಾಲೆಗಳಿಗೆ ಭೇಟಿ ಕೊಡುತ್ತಾರೆ. 'ರೇಡಿಯೋ ಏಡ್' ಎಂಬುದೊಂದಿದೆ: ಕೊರಳಿಗೆ ಪುಟ್ಟ ಮೈಕ್ ಹಾಕಿಕೊಂಡರೆ ನಮ್ಮ ಧ್ವನಿ ನೇರವಾಗಿ ಮಗುವಿನ ಶ್ರವಣ ಸಾಧನಕ್ಕೆ ಹೋಗುತ್ತದೆ. ಮೊದಲ ಸಲ ಅದನ್ನು ಹಾಕಿಕೊಂಡು ಮಾತಾಡಿದ ದಿನ, ಸದಾ ತಲೆ ತಗ್ಗಿಸಿರುತ್ತಿದ್ದ ಹುಡುಗ ಥಟ್ಟನೆ ನನ್ನತ್ತ ನೋಡಿದ. ನನಗೆ ಧಾರವಾಡದ ಆ ಹುಡುಗಿ ನೆನಪಾಗಿ ಗಂಟಲು ಕಟ್ಟಿತು.

ಆದ್ದರಿಂದ ಶಾಲೆ ನೋಡಲು ಹೋದಾಗ 'ನನ್ನ ಮಗನನ್ನು ಚೆನ್ನಾಗಿ ನೋಡಿಕೊಳ್ಳುತ್ತೀರಾ' ಎಂದು ಕೇಳಬೇಡ. ಹೌದು ಎಂದೇ ಹೇಳುತ್ತಾರೆ. ತರಗತಿಯ ಶಿಕ್ಷಕಿಗೆ ಯಾರು, ವಾರಕ್ಕೆ ಎಷ್ಟು ಹೊತ್ತು ನೆರವಾಗುತ್ತಾರೆ ಎಂದು ಕೇಳು. ಉತ್ತರವನ್ನು ಬರಹದಲ್ಲಿ ಪಡೆ. ಆ ನೆರವು ಸಾಲದಿದ್ದರೆ 'ಇಎಚ್‌ಸಿ ಪ್ಲಾನ್'ಗೆ, ಅಂದರೆ ಮಗುವಿಗೆ ಯಾವ ನೆರವು ಕೊಡಲೇಬೇಕೆಂದು ಬರೆದಿಡುವ ಕಾನೂನುಬದ್ಧ ಯೋಜನೆಗೆ, ಸ್ಥಳೀಯ ಆಡಳಿತಕ್ಕೆ ನೀನೇ ಅರ್ಜಿ ಹಾಕಬಹುದು. 20 ವಾರಗಳೊಳಗೆ ಮುಗಿಸಬೇಕೆಂಬ ನಿಯಮವಿದೆ, ಹಲವು ಸಲ ಮೀರುತ್ತದೆ, ಬೆನ್ನು ಬಿಡಬೇಡ. ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿ ಎಂದು ಯಾರಾದರೂ ಹೇಳಿದರೂ ಅವನೊಡನೆ ಕನ್ನಡ ಬಿಡಬೇಡ.

ಹೊರಡುವ ಮುನ್ನ ಹೊಸದಾಗಿ ಶ್ರವಣ ಪರೀಕ್ಷೆ ಮಾಡಿಸು. ಆ ವರದಿಯನ್ನೂ ಸಾಧನದ ಬ್ಯಾಟರಿಗಳನ್ನೂ ವಿಮಾನದಲ್ಲಿ ನಿನ್ನ ಕೈಚೀಲದಲ್ಲೇ ಇಟ್ಟುಕೋ.