ಪೇಂಟಿಂಗ್ ದುಡ್ಡು ಹಿಡಿದುಕೊಂಡ ಕಥೆ

ನೀವು ಕೇಳಿದ್ದು ಇಷ್ಟು. ಇಂಗ್ಲೆಂಡಿನ ಲೀಡ್ಸಿಗೆ ಬಂದು ಎಂಟು ತಿಂಗಳಾಯಿತು, ಇಬ್ಬರ ಉಳಿತಾಯ ಸೇರಿ 18,000 ಪೌಂಡ್ ಇದೆ, ಒಂದು ಸಣ್ಣ ಮನೆ ತಗೊಂಡು ಬಾಡಿಗೆಗೆ ಬಿಟ್ಟರೆ ಸಾಲ ತಾನಾಗಿ ತೀರುವುದಿಲ್ಲವೇ, ದುಡ್ಡು ಸಾಲದಿದ್ದರೆ ಹಾಸನದ ಸೈಟು ಮಾರಬಹುದಾ ಅಂತ.

ಸೈಟಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಮಾರಬೇಡಿ. ಯಾಕೆ ಅಂತ ಕೇಳಬೇಡಿ, ನಾನು ಮಾರಿದವನು.

ಇನ್ನು 18,000. ಬೈ ಟು ಲೆಟ್, ಅಂದರೆ ಬಾಡಿಗೆಗೆ ಬಿಡಲೆಂದೇ ಮನೆ ಕೊಳ್ಳುವ ಸಾಲಕ್ಕೆ ಹೆಚ್ಚಿನ ಬ್ಯಾಂಕುಗಳು ಮನೆ ಬೆಲೆಯಲ್ಲಿ 25% ನಿಮ್ಮ ಕೈಯಿಂದ ಕೇಳುತ್ತವೆ. ಅಂದರೆ 1,20,000 ಪೌಂಡಿನ ಮನೆಗೆ 30,000. ಊರಲ್ಲಿ ನಿಮ್ಮ ಹೆಸರಲ್ಲಿ ಒಂದು ಫ್ಲ್ಯಾಟ್ ಇದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ, ಗೊತ್ತಿರಲಿ. ಆಗ ಇಲ್ಲಿ ಕೊಳ್ಳುವುದು ಎರಡನೇ ಮನೆ ಅನ್ನಿಸಿಕೊಂಡು ಸ್ಟ್ಯಾಂಪ್ ಡ್ಯೂಟಿಯ ಜೊತೆಗೆ ಮನೆ ಬೆಲೆಯ ಇನ್ನೂ 5% ಬೀಳುತ್ತದೆ. 2024ರ ಅಕ್ಟೋಬರ್ ಕೊನೆಯವರೆಗೆ ಅದು 3% ಇತ್ತು. ಖಾಲಿ ಸೈಟಿಗೆ ಈ ತೊಂದರೆ ಇಲ್ಲ. ವೀಸಾದಲ್ಲಿ ಇರುವವರಿಗೆ ಇಂಥ ಸಾಲ ಕೊಡುವ ಬ್ಯಾಂಕುಗಳೂ ಕಮ್ಮಿ, ಅದಕ್ಕೆ ಬ್ರೋಕರನ್ನೇ ಕೇಳಿ.

ಸಾಲ ತಾನಾಗಿ ತೀರುತ್ತದೆ ಅನ್ನುವುದು ನಮ್ಮ ಕಡೆಯ ಲೆಕ್ಕ. ಇಲ್ಲಿ ಬಾಡಿಗೆ ಮನೆ ಸಾಲದಲ್ಲಿ ಜಾಸ್ತಿ ಜನ ತಿಂಗಳು ತಿಂಗಳು ಬಡ್ಡಿ ಮಾತ್ರ ಕಟ್ಟುತ್ತಾರೆ, 25 ವರ್ಷ ಕಟ್ಟಿದರೂ ಅಸಲು ಅಲ್ಲೇ ಕೂತಿರುತ್ತದೆ. ಬಡ್ಡಿಯನ್ನು ಬಾಡಿಗೆ ಆದಾಯದಲ್ಲಿ ಕಳೆದು ಟ್ಯಾಕ್ಸ್ ಕಟ್ಟುವ ಹಾಗೂ ಇಲ್ಲ. ಆ ಸೌಲಭ್ಯವನ್ನು 2017ರಿಂದ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಾ ಬಂದು 2020ರ ಏಪ್ರಿಲ್‌ಗೆ ಪೂರ್ತಿ ತೆಗೆದರು. ಈಗ ಸಿಗುವುದು ಬಡ್ಡಿಯ 20%ರಷ್ಟು ಟ್ಯಾಕ್ಸ್ ರಿಯಾಯಿತಿ ಅಷ್ಟೇ. 40% ಟ್ಯಾಕ್ಸಿನಲ್ಲಿ ಇರುವವರಿಗೆ ಇದು ಹೊಡೆತ.

ನಿಮ್ಮ ಜಾಗದಲ್ಲಿ ನಾನಿದ್ದರೆ ಬಾಡಿಗೆಗೆ ಬಿಡುವ ಮನೆ ಬಿಟ್ಟು ಇರುವುದಕ್ಕೇ ಒಂದು ಮನೆ ನೋಡುತ್ತಿದ್ದೆ. ಅದಕ್ಕೆ 10% ಹಾಕಿದರೂ ನಡೆಯುತ್ತದೆ. ಒಂದು ರೂಮನ್ನು, ಬ್ಯಾಂಕಿಗೆ ಮೊದಲೇ ತಿಳಿಸಿ, ಯಾರಿಗಾದರೂ ಕೊಡಿ. ರೆಂಟ್ ಎ ರೂಮ್ ಅಂತ ಒಂದು ಅನುಕೂಲ ಇದೆ, ವರ್ಷಕ್ಕೆ 7,500 ಪೌಂಡ್ ತನಕ ಟ್ಯಾಕ್ಸ್ ಇಲ್ಲ. ಪಿಜಿ ಇಟ್ಟ ಹಾಗೆ ಅಂತ ನಿಮ್ಮ ಅತ್ತೆಗೆ ಅನ್ನಿಸಬಹುದು, ಅನ್ನಿಸಲಿ ಬಿಡಿ.

ಇಲ್ಲ, ಬಾಡಿಗೆಗೆ ಬಿಡುವ ಮನೆಯನ್ನೇ ತಗೊಂಡರೆ, ಜನ ಹುಡುಕಿಕೊಡಲು ಏಜೆಂಟರಿದ್ದಾರೆ. ಗ್ಯಾಸ್ ಸರ್ಟಿಫಿಕೇಟ್ ಪ್ರತಿ ವರ್ಷ, ವೈರಿಂಗ್ ತಪಾಸಣೆ ಐದು ವರ್ಷಕ್ಕೊಮ್ಮೆ, ಪ್ರತಿ ಮಹಡಿಗೂ ಹೊಗೆ ಅಲಾರಂ, ಇವೆಲ್ಲ ನೀವು ಮಾಡಿಸಬೇಕು. ಬರುವವರ ಪಾಸ್‌ಪೋರ್ಟು, ವೀಸಾ ನೋಡಬೇಕು, ಎಂಟು ತಿಂಗಳ ಹಿಂದೆ ನಿಮ್ಮದನ್ನು ನೋಡಿದರಲ್ಲ ಹಾಗೆ. ನಮ್ಮ ಹನ್ನೊಂದು ತಿಂಗಳ ಅಗ್ರಿಮೆಂಟು ಮರೆತುಬಿಡಿ. ಕಾರಣ ಹೇಳದೆ ಖಾಲಿ ಮಾಡಿಸುವ ಸೆಕ್ಷನ್ 21 ಕೂಡ ಇಂಗ್ಲೆಂಡಿನಲ್ಲಿ 2026ರ ಮೇ 1ರಿಂದ ಇಲ್ಲ.

ನಿಜವಾಗಿ ಹೇಳಬೇಕಾಗಿರುವುದು ಅಡ್ವಾನ್ಸಿನ ವಿಷಯ.

ನಾನು ನಾಟಿಂಗ್‌ಹ್ಯಾಮ್‌ಗೆ ಬಂದಿದ್ದು 2005ರ ಜನವರಿಯಲ್ಲಿ. ಒಂದು ಹಳೇ ಮನೆಯ ಹಿಂದಿನ ರೂಮು. ಮಾರ್ಚ್ ಹೊತ್ತಿಗೆ ಅಮ್ಮ ಕಟ್ಟಿಕೊಟ್ಟಿದ್ದ ಉಣ್ಣೆ ಶಾಲು ತೆಗೆಯೋಣ ಅಂತ ಕಪಾಟು ತೆರೆದರೆ ಮಡಿಕೆಯೊಳಗೆಲ್ಲ ಹಸಿರು ಬೂಷ್ಟು. ಕಪಾಟು ಎಳೆದು ನೋಡಿದೆ, ಹಿಂದಿನ ಗೋಡೆ ಕರ್ರಗೆ. ಮನೆಯವನಿಗೆ ಹೇಳಿದರೆ, ಕಿಟಕಿ ತೆಗೆದಿಡು ಅಂದ. ಹೊರಗೆ ಸೊನ್ನೆ ಡಿಗ್ರಿ. ಅವನನ್ನು ಆ ಇಡೀ ವರ್ಷ ಬೈದುಕೊಂಡೆ.

2011ರಲ್ಲಿ ಡರ್ಬಿಯಲ್ಲಿ ಒಂದು ಸಾಲುಮನೆ ತಗೊಂಡೆ. ಆ ಹೊತ್ತಿಗೆ ನಾನೂ ಓನರ್ ಅನ್ನುವ ಜಂಭ ಸ್ವಲ್ಪ ಇತ್ತು, ಸುಳ್ಳು ಯಾಕೆ ಹೇಳಲಿ. ಮರು ವರ್ಷ ಪೋಲೆಂಡಿನ ಗಂಡ ಹೆಂಡತಿ ಬಂದರು, ಎರಡು ವರ್ಷದ ಮಗು. ಬಾಡಿಗೆ 550, ಒಂದು ತಿಂಗಳದ್ದು ಅಡ್ವಾನ್ಸ್. ಆ 550 ಅನ್ನು ನನ್ನ ಅಕೌಂಟಿಗೆ ಹಾಕಿಕೊಂಡು ಅದರಲ್ಲೇ ಬಾಯ್ಲರ್ ರಿಪೇರಿ ಮಾಡಿಸಿದೆ. ಊರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ತಗೊಂಡು ಮಗಳ ಮದುವೆ ಮಾಡುವವರನ್ನು ನೋಡಿ ಬೆಳೆದವನಿಗೆ ಅದರಲ್ಲಿ ತಪ್ಪು ಕಾಣುವುದು ಹೇಗೆ?

ಆ ಚಳಿಗಾಲ ಅವರು ಫೋನ್ ಮಾಡಿದರು. ಹೋದೆ. ಮಗುವಿನ ಮಂಚ ಎಳೆದು ತೋರಿಸಿದರು. ದಿಂಬಿನ ಎತ್ತರಕ್ಕೆ ಗೋಡೆ ಮೇಲೆ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆ, ಅದರ ಮೇಲೆ ಅವರೇ ಅಂಟಿಸಿದ್ದ ನ್ಯೂಸ್‌ಪೇಪರ್ ಒದ್ದೆಯಾಗಿ ಜೋತುಬಿದ್ದಿತ್ತು. ನಾನು ತೀರ್ಥಹಳ್ಳಿ ಕಡೆಯವನು ಮಾರಾಯ್ರೆ, ಮಳೆಗಾಲದಲ್ಲಿ ಬೆಲ್ಟಿಗೂ ಬೂಷ್ಟು ಹಿಡಿಯುವ ಊರು, ಇದೇನು ಮಹಾ ಅನ್ನಿಸಿತು. ಕಿಟಕಿ ತೆಗೆದಿಡಿ, ಬಟ್ಟೆ ಒಳಗೆ ಒಣಗಿಸಬೇಡಿ ಅಂತ ಹೇಳಿ ಬಂದೆ. ಮಗು ಕೆಮ್ಮುತ್ತಿತ್ತು. ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದರೆ, ನಿಮ್ಮ ಹಳೇ ಓನರ್ ಬಾಯಿ ನಿಮಗೆ ಬಂದಿದೆ ಅಂದಳು. ಸಿಟ್ಟು ಬಂತು, ಮಾತಾಡಲಿಲ್ಲ.

2013ರಲ್ಲಿ ಅವರು ಖಾಲಿ ಮಾಡಿದರು. ಬೆಂಗಳೂರಿನಲ್ಲಿ ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುತ್ತಾರಲ್ಲ, ನಾನೂ ಹಾಗೇ ಪೂರ್ತಿ 550 ಹಿಡಿದೆ. ಗೋಡೆ ಹಾಳಾಗಿದೆ ಅಂತ. ಆ ಗೋಡೆ!

ಎರಡು ತಿಂಗಳಿಗೆ ಕೋರ್ಟಿನಿಂದ ಕಾಗದ ಬಂತು. 2007ರ ಏಪ್ರಿಲ್‌ನಿಂದಲೇ ಇಲ್ಲಿ ಡೆಪಾಸಿಟ್, ಅಂದರೆ ಅಡ್ವಾನ್ಸ್ ದುಡ್ಡನ್ನು ಸರ್ಕಾರ ಒಪ್ಪಿದ ಸ್ಕೀಮಿನಲ್ಲಿ ನೋಂದಾಯಿಸಬೇಕು, ಈಗಿನ ನಿಯಮದಲ್ಲಿ 30 ದಿನದೊಳಗೆ, ಎಲ್ಲಿಟ್ಟಿದ್ದೀರಿ ಅನ್ನುವ ವಿವರವನ್ನೂ ಬರಹದಲ್ಲಿ ಕೊಡಬೇಕು. ಇಲ್ಲದಿದ್ದರೆ ಡೆಪಾಸಿಟ್ಟಿನ ಒಂದರಿಂದ ಮೂರು ಪಟ್ಟು ದಂಡ. ಗೊತ್ತಿರಲಿಲ್ಲ ಅಂದೆ. ಗೊತ್ತಿರಬೇಕಿತ್ತು ಅಂದರು. ನನಗೆ ಎರಡು ಪಟ್ಟು ಬಿತ್ತು, ಅಸಲು ಸೇರಿ 1,650, ಕೋರ್ಟ್ ಖರ್ಚು ಬೇರೆ. 2019ರಿಂದ ಸಾಮಾನ್ಯ ಮನೆಗಳಿಗೆ ಐದು ವಾರದ ಬಾಡಿಗೆಗಿಂತ ಜಾಸ್ತಿ ಡೆಪಾಸಿಟ್ ತಗೊಳ್ಳುವಂತೆಯೂ ಇಲ್ಲ. ದುಡ್ಡನ್ನೇ ಸ್ಕೀಮಿನವರ ಕೈಗೆ ಕೊಟ್ಟುಬಿಟ್ಟರೆ ನಿಮಗೆ ಖರ್ಚೂ ಇಲ್ಲ, ಹಾಗೇ ಮಾಡಿ.

ದುಡ್ಡು ಹೋಗಿದ್ದು ಆ ವರ್ಷಕ್ಕೆ ಮರೆತುಹೋಯಿತು. ಆ ಹೆಂಗಸು ಕೋರ್ಟಿಗೆ ಮಗುವನ್ನು ಎತ್ತಿಕೊಂಡು ಬಂದಿದ್ದರು, ಹೊರಗೆ ಬೆಂಚಿನ ಮೇಲೆ ಎದುರುಬದುರು ಕೂತಿದ್ದೆವು, ಕ್ಷಮಿಸಿ ಎನ್ನುವ ಒಂದು ಮಾತು ಬಾಯಿಗೆ ಬಂದು ನಿಂತಿತು, ಹೇಳಲಿಲ್ಲ. ವಕೀಲರು ಏನೂ ಮಾತಾಡಬೇಡಿ ಅಂದಿದ್ದರು ಅನ್ನುವುದು ನೆಪ. ಆಮೇಲೆ ಅವರು ಯಾವ ಊರಿಗೆ ಹೋದರೋ.

ಆ ರೂಮಿಗೂ ಬಚ್ಚಲಿಗೂ ಗಾಳಿ ಹೊರಗೆ ಎಳೆಯುವ ಫ್ಯಾನ್ ಹಾಕಿಸಿದೆ, ಹೊರಗೋಡೆಯ ಒಡೆದ ಮಳೆನೀರಿನ ದೋಣಿ ಸರಿಮಾಡಿಸಿದೆ. ಎಲ್ಲ ಸೇರಿ 400 ಪೌಂಡ್ ಒಳಗೆ ಮುಗಿಯಿತು.

ಮನೆ ನೋಡಲು ಹೋದಾಗ ಕಪಾಟು, ಮಂಚ ಎಳೆದು ಹಿಂದಿನ ಗೋಡೆ ನೋಡಿ. ನಾಚಿಕೆ ಬೇಡ. ನವೆಂಬರ್‌ನಲ್ಲಿ ನೋಡಿದರೆ ಇನ್ನೂ ಒಳ್ಳೆಯದು. ಬ್ರೋಕರ್ ನಂಬರ್ ಬೇಕಿದ್ದರೆ ಹೇಳಿ, ಭಾನುವಾರ ಫೋನ್ ಮಾಡುತ್ತೇನೆ.