ಯಾಕಿನಿಕು ತಿನ್ನೋಕೆ ಹೇಗೆ ಶುರು ಮಾಡಲಿ?

ಪ್ರಶ್ನೆ: ಆಫೀಸ್ ಕೆಲಸಕ್ಕೆ ಜಪಾನಿನ ಒಸಾಕಾಗೆ ಹೋಗುತ್ತಿದ್ದೇನೆ. ಜೊತೆಗೆ ಬರುವ ಸಹೋದ್ಯೋಗಿಗೆ ಯಾಕಿನಿಕು ತಿನ್ನುವ ಆಸೆ. ಮೇಜಿನ ಮೇಲೆ ನಾವೇ ಮಾಂಸ ಸುಟ್ಟುಕೊಳ್ಳಬೇಕಂತೆ, ನನಗೆ ಏನೂ ಗೊತ್ತಿಲ್ಲ.

ಉತ್ತರ: ಖಂಡಿತ ಹೋಗಿ, ಅದೂ ತ್ಸುರುಹಾಶಿ ಸ್ಟೇಷನ್ ಸುತ್ತಮುತ್ತಲೇ ಹೋಗಿ. ಕೊರಿಯಾ ಮೂಲದವರು ಬೆಳೆಸಿದ ಜಾಗ ಅದು, ಬೀದಿ ತುಂಬಾ ಹೊಗೆಯ ಘಮ. ಬಹುಪಾಲು ದನದ ಮಾಂಸವೇ ಇರುತ್ತದೆ, ಇಬ್ಬರಿಗೂ ಅದು ಆಗುತ್ತಾ ಅಂತ ಮೊದಲೇ ಮಾತಾಡಿಕೊಳ್ಳಿ. ಉಪ್ಪು ಹಾಕಿದ ದನದ ನಾಲಿಗೆಯಿಂದ ಶುರು ಮಾಡಿ. ತೆಳುವಾದ ಹೋಳು, ಅಂಚು ಮುದುರಿ ಮೇಲೆ ರಸ ಜಿನುಗಿದ ಕೂಡಲೇ ತಿರುಗಿಸಿ, ಒಂದು ಕ್ಷಣ ಬಿಟ್ಟು ತೆಗೆದು ನಿಂಬೆರಸದಲ್ಲಿ ಅದ್ದಿ ತಿನ್ನಿ. ಆಹಾ! ಸಿಹಿಯಾದ 'ತಾರೆ' ಸಾಸ್ ಸವರಿದ್ದು ಆಮೇಲೆ ಬರಲಿ, ಅದರ ಸಕ್ಕರೆ ಬೇಗ ಸೀದು ಜಾಲರಿಗೆ ಅಂಟುತ್ತದೆ. ಜಾಲರಿ ಕಪ್ಪಾದರೆ ಕೇಳಿ, ಬದಲಾಯಿಸಿ ಕೊಡುತ್ತಾರೆ. ಹಸಿ ಮಾಂಸಕ್ಕೆ ಇಕ್ಕಳವನ್ನೇ ಬಳಸಿ, ತಿನ್ನುವ ಕಡ್ಡಿ ಮುಟ್ಟಿಸಬೇಡಿ, ಇದು ಆರೋಗ್ಯದ ವಿಷಯ. ಹಂದಿ, ಕೋಳಿ, ಲಿವರ್ ಪೂರ್ತಿ ಬೇಯಲೇಬೇಕು. ಹಸಿ ದನದ ಲಿವರ್ ಬಡಿಸುವುದನ್ನು ಜಪಾನ್ 2012ರಲ್ಲೇ ನಿಷೇಧಿಸಿದೆ. ಒಂದೇ ಸಲ ಜಾಲರಿ ತುಂಬಬೇಡಿ, ನಾಲ್ಕೈದು ಹೋಳು ಸಾಕು, ಮಾತಿಗೂ ಪುರುಸೊತ್ತು ಸಿಗುತ್ತೆ ಅಲ್ವಾ? ಟಿಪ್ಸ್ ಕೊಡುವ ರೂಢಿ ಅಲ್ಲಿಲ್ಲ. ಮರುದಿನದ ಮೀಟಿಂಗ್ ಬಟ್ಟೆ ಮಾತ್ರ ಹೋಟೆಲಲ್ಲೇ ಬಿಟ್ಟು ಹೋಗಿ, ಹೊಗೆ ವಾಸನೆ ಸುಲಭವಾಗಿ ಬಿಡಲ್ಲ.